ಕೆಂಪು ದಾರದ ಬತ್ತಿ

ನನ್ನನ್ನು ಎತ್ತಿ ಆಡಿಸಿ, ಆಮೇಲೆ ಪಾನಾ ಹಿಡಿದು ನಟ್ಟು ಬಿಚ್ಚುವುದನ್ನೂ ಕಲಿಸಿದ ಸೋದರಮಾವನಿಗೆ,

ಮಾವಾ, ಮೊನ್ನೆ ನಮ್ಮ ರಿಪೇರಿ ಶೆಡ್ಡಿನಲ್ಲಿ ಹತ್ತಿ ಮಿಲ್ಲಿನ ಸಾವ್ಕಾರ್ರ ಕಾರಿನ ಕೆಳಗೆ ಮಲಗಿದವನು ಎಷ್ಟು ಹೊತ್ತು ಹಾಗೇ ಇದ್ದೆನೋ ಗೊತ್ತಿಲ್ಲ. ಬುತ್ತಿ ತಂದ ಅತ್ತೆ ಗಾಬರಿಯಾಗಿ ನನ್ನ ಕಾಲು ಜಗ್ಗಿ, "ಸೀನಾ, ಎದಿ ಗಿದಿ ನೋಯ್ತದೇನೋ?" ಎಂದು ಕೂಗಿದಾಗಲೇ ಮೈಮೇಲೆ ಎಚ್ಚರ ಬಂದದ್ದು. ನಿನ್ನ ಎದೆ ನಿಂತದ್ದೂ ಅದೇ ಶೆಡ್ಡಿನಲ್ಲಲ್ಲವೇ, ಅವಳಿಗೆ ಅದೇ ಭಯ. ನನ್ನ ಎದೆಗೆ ಏನೂ ಆಗಿರಲಿಲ್ಲ. ನನ್ನ ಕೈಯಲ್ಲಿ ಒಂದು ಹತ್ತಿಯ ಬತ್ತಿ ಇತ್ತು. ಎಣ್ಣೆ ಕುಡಿದು ಕರ್ರಗಾಗಿತ್ತು. ಅದರ ಕುತ್ತಿಗೆಯ ದಾರ ಮಾತ್ರ ಇನ್ನೂ ಕೆಂಪಗಿತ್ತು. ಅಂಥ ಬತ್ತಿ ಹೊಸೆಯುವ ಮೇಸ್ತ್ರಿ ಆದೋನಿಯಲ್ಲಿ ಒಬ್ಬನೇ ಇದ್ದ.

ಶೆಡ್ಡಿನ ಬಾಗಿಲಲ್ಲಿ ಕೂತು ನೀನು ಹತ್ತಿ ಹೊಸೆಯುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ಸುತ್ತ ಹತ್ತಿ ಮಿಲ್ಲುಗಳು, ಗಾಳಿಯಲ್ಲೆಲ್ಲ ಹತ್ತಿಯ ಎಳೆ. ಇಂಜಿನ್ ಬಿಚ್ಚಿದರೆ ತೆರೆದ ಪೈಪುಗಳ ಬಾಯಿ ಮುಚ್ಚಲೇಬೇಕು. ಉಳಿದವರು ಕೈಗೆ ಸಿಕ್ಕ ಚಿಂದಿ ತುರುಕುತ್ತಿದ್ದರು. ನೀನೋ ಮಡಿವಂತ! ದೇವರ ಮುಂದಿನ ಹೂಬತ್ತಿಯ ಹಾಗೆ ಹೊಸೆದು, ಅತ್ತೆಯ ಪೂಜೆಪೆಟ್ಟಿಗೆಯ ಕೆಂಪು ದಾರ ಕಟ್ಟಿ, ಪೈಪಿನ ಬಾಯಿಗೆ ತುರುಕಿ, ದಾರದ ಬಾಲ ಹೊರಗೆ ಬಿಡುತ್ತಿದ್ದೆ. "ಬಾಲ ಕಂಡ್ರ ತೆಗೀಲಿಕ್ಕೆ ಮರ್ಯೂದಿಲ್ಲ" ಎನ್ನುತ್ತಿದ್ದೆ. ನಿನ್ನ ಜೊತೆ ಹೆಗಲು ಕೊಟ್ಟು ದುಡಿದ ಖಾಜಾ ರೇಗಿಸುತ್ತಿದ್ದ, "ಆಚಾರ್ರೇ, ಇಂಜಿನ್ನಿಗೆ ಮಂಗಳಾರತಿ ಆತೇನ್ರಿ?"

ವೀರಪ್ಪ ಸಾವ್ಕಾರ್ರು ಮದ್ರಾಸಿನಿಂದ ಆ ಹಳೆಯ ಫಾರಿನ್ ಡೀಸೆಲ್ ಕಾರು ತಂದ ದಿನ ನೀನು ಊಟಕ್ಕೂ ಮನೆಗೆ ಬರಲಿಲ್ಲ. ನಮ್ಮ ಸೀಮೆಯಲ್ಲಿ ಟರ್ಬೋ ಎಂಬುದನ್ನು ಯಾರು ಕಂಡಿದ್ದರು? ಹೊರಗೆ ಹೋಗುವ ಹೊಗೆಯ ಬಿರುಸಿಗೇ ತಿರುಗಿ, ಇಂಜಿನ್ನಿಗೆ ಗಾಳಿ ಊದುವ ಚಕ್ರ. "ಬಿಟ್ಟ ಉಸಿರಿನಿಂದನ ಹೊಸಾ ಉಸಿರು ತಗೋತದೋ" ಎಂದು ಮಗುವಿನ ಹಾಗೆ ಬೆರಗಾಗಿದ್ದೆ. ಕಾರು ನೀಲಿ ಹೊಗೆ ಉಗುಳುತ್ತಿತ್ತು. ಕರಿ ಹೊಗೆಗೆ ಡೀಸೆಲ್ ಹೆಚ್ಚು, ಬಿಳಿಗೆ ನೀರು, ನೀಲಿಗೆ ಎಣ್ಣೆ, ನೀನೇ ಕಲಿಸಿದ್ದು. ಎಣ್ಣೆ ಮೇಲೇರದಂತೆ ಖಾಜಾ ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿದ. ಟರ್ಬೋವನ್ನು ಯಾರಿಗೂ ಮುಟ್ಟಗೊಡದೆ ನೀನೇ ರಿಪೇರಿ ಮಾಡಿ ಕೂಡಿಸಿದೆ. ಮಿಲ್ಲಿನ ಅಂಗಳದಲ್ಲಿ ಚಾಲೂ ಮಾಡಿದರೆ ಮೊದಲಿಗಿಂತ ದಟ್ಟ ನೀಲಿ! "ಸೈಲೆನ್ಸರಿನಾಗ ನಿಂತ ಹಳೇ ಎಣ್ಣಿ, ಓಡಿಸಿದ್ರ ಸುಟ್ಟು ಹೋಗ್ತದ" ಎಂದು ದೇವನಕೊಂಡದವರೆಗೆ ಓಡಿಸಿದೆ. ಹೋಗುವಾಗಲೂ ಹೊಗೆ, ಬರುವಾಗಲೂ ಹೊಗೆ.

ಆಮೇಲೆ ನಿನ್ನ ಬಾಯಿಂದ ಬಂದ ಮಾತು ಇವತ್ತಿಗೂ ನನಗೆ... ಸಾವ್ಕಾರ್ರು, ಗುಮಾಸ್ತರು, ಮೂಟೆ ಹೊರುವ ಹಮಾಲರು ಎಲ್ಲರ ಎದುರು, "ಖಾಜಾ ರಿಂಗ್ ಉಲ್ಟಾ ಹಾಕ್ಯಾನ. ಅವನ ಕೈ ಕೆಟ್ಟದ" ಎಂದೆ. ಖಾಜಾ ಮೆಲ್ಲಗೆ, "ರಿಂಗಲ್ರಿ, ಟರ್ಬೋ ಒಂದ್ಸಲ ಬಿಚ್ಚಿ ನೋಡಾಮು" ಎಂದದ್ದಕ್ಕೆ ನೀನು ಪಾನಾ ಎಸೆದು ಹೊರಟೆ. ಸಾವ್ಕಾರ್ರು ಬೇಸತ್ತು ಕಾರನ್ನು ಗೋದಾಮಿಗೆ ತಳ್ಳಿಸಿ ಬೀಗ ಹಾಕಿದರು. ಮೇಸ್ತ್ರಿಗೆ ಕೈಯೇ ಹೆಸರು. ಊರಲ್ಲಿ ಯಾರೂ ಖಾಜಾನ ಕೈಗೆ ಇಂಜಿನ್ ಕೊಡಲಿಲ್ಲ. ಅವನು ಮಂತ್ರಾಲಯದ ರೈಲುದಾರಿಯಲ್ಲಿರುವ ಕೋಸಗಿ ಸ್ಟೇಷನ್ನಿನ ಎದುರು ಲಾರಿಗಳಿಗೆ ಗ್ರೀಸ್ ಹೊಡೆಯಲು ಹೋದ. ನೀನು ಅವನ ಹೆಸರು ಎತ್ತುವುದನ್ನೇ ಬಿಟ್ಟೆ. ಒಮ್ಮೆ ಮಂತ್ರಾಲಯಕ್ಕೆಂದು ರೈಲು ಹತ್ತಿದವನು ಮಂತ್ರಾಕ್ಷತೆಯಿಲ್ಲದೆ ಬರಿಗೈಯಲ್ಲಿ ಮರಳಿದೆ. "ಎಂಥಾ ಯಾತ್ರಿನೋ ಇದು!" ಎಂದು ಅತ್ತೆ ಹಂಗಿಸಿದರೆ, "ಭಾಳ ರಷ್ ಇತ್ತು" ಎಂದು ಮುಖ ತಿರುಗಿಸಿದೆ. ಅದಾಗಿ ಸ್ವಲ್ಪ ದಿನಕ್ಕೇ ಹೋಗಿಬಿಟ್ಟೆ.

ಇಷ್ಟು ವರ್ಷಗಳ ಮೇಲೆ ಮೊನ್ನೆ ಸಾವ್ಕಾರ್ರು ಬೀಗ ತೆಗೆಸಿ, "ಮಾರೋ ಮೊದ್ಲು ನೀನೂ ಒಂದು ಕೈ ನೋಡಪ್ಪ" ಎಂದು ಕಾರನ್ನು ಶೆಡ್ಡಿಗೆ ಕಳಿಸಿದರು. ಚಾಲೂ ಮಾಡಿ, ಎಣ್ಣೆ ತುಂಬುವ ಮುಚ್ಚಳ ತೆಗೆದು ಅಂಗೈ ಹಿಡಿದೆ. ರಿಂಗ್ ಕೆಟ್ಟಿದ್ದರೆ ಅಲ್ಲಿಂದ ಹೊಗೆ ಬುಸುಗುಟ್ಟಬೇಕು. ಏನೂ ಇಲ್ಲ! ಅಂದರೆ ರಿಂಗ್ ಸರಿಯಾಗಿಯೇ ಇತ್ತು, ಖಾಜಾ ಹೇಳಿದ ಹಾಗೆ ಟರ್ಬೋವನ್ನೇ ನೋಡಬೇಕಿತ್ತು. ಟರ್ಬೋಗೆ ಎಣ್ಣೆ ಮೇಲಿನ ಸಣ್ಣ ಪೈಪಿನಿಂದ ಬಂದು ಕೆಳಗಿನ ದಪ್ಪ ಪೈಪಿನಿಂದ ಇಳಿದು ಹೋಗಬೇಕು. ಕೆಳಗಿನದನ್ನು ಬಿಚ್ಚಿ ತಂತಿ ಹಾಕಿದೆ. ಮೆತ್ತಗೆ ಏನೋ ತಗುಲಿತು, ಎಳೆದರೆ ನಿನ್ನ ಬತ್ತಿ. ಇಳಿಯಲು ದಾರಿಯಿಲ್ಲದ ಎಣ್ಣೆ ಹೊಗೆಕೊಳವೆಗೆ ನುಗ್ಗಿ ಸುಡುತ್ತಿತ್ತು, ಅಷ್ಟೇ. ಆ ದಿನ ಬಾಲ ಒಳಗೆ ಜಾರಿತ್ತೇ ಮಾವಾ? ಇಲ್ಲಾ, ಕಣ್ಣು ಮಂಜಾದದ್ದನ್ನು ನಮಗೆ ಹೇಳಿರಲಿಲ್ಲವೇ?

ಬತ್ತಿ ನೋಡಿ ಅತ್ತೆ ಗೋಡೆಗೆ ಒರಗಿಬಿಟ್ಟಳು. "ಸತ್ತವರ ಮ್ಯಾಲ ತಪ್ಪು ಯಾಕ ಹಾಕ್ತೀಯೋ? ಒಲಿಯಾಗ ಒಗದುಬಿಡು" ಎಂದಳು. ಸಾವ್ಕಾರ್ರದೂ ಅದೇ ರಾಗ: "ಪೋನೀಲೇ ಸೀನಾ, ಅಯಿಪೋಯಿಂದಿ. ಗಾಡಿ ನೆಟ್ಟಗಾದ್ರ ಸಾಕು." ಹೋಗಲಿ ಬಿಡು, ಮುಗಿಯಿತಂತೆ! ಯಾರಿಗೆ ಮುಗಿಯಿತು? ನನಗೆ ನಿನ್ನ ಮೇಲೆ ಕೋಪ ಉಕ್ಕಿತು. ಬತ್ತಿಯನ್ನು ಜೇಬಿಗಿಟ್ಟುಕೊಂಡು ಕೋಸಗಿಗೆ ಹೋದೆ.

ಖಾಜಾ ಬತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಗಡ್ಡ ಬೆಳ್ಳಗಾಗಿದೆ. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ತಡೆದ. "ಆಚಾರ್ರು ಮಿಲ್ಲಿನಾಗ ನಾಲ್ಕು ಮಂದಿ ಮುಂದ ಅಂದಾರ. ಇಲ್ಲಿ ನನ್ನ ಕಿವಿಯಾಗ ಅಂದ್ರ ಏನು ಫಾಯ್ದಾ?" ನ್ಯಾಯದ ಮಾತು.

ಹಾಗಾಗಿ ಇವತ್ತು ಬೆಳಿಗ್ಗೆ ಅದೇ ಅಂಗಳದಲ್ಲಿ, ಅದೇ ಜನರ ಎದುರು ಬತ್ತಿ ಎತ್ತಿ ಹಿಡಿದು ಹೇಳಿಬಿಟ್ಟೆ: ತಪ್ಪು ನಮ್ಮ ಮಾವನದು, ಖಾಜಾನ ಕೈ ಚೊಕ್ಕಟ. ಪೈಪು ಮತ್ತೆ ಕೂಡಿಸಿ ಕಾರನ್ನೂ ಅಲ್ಲಿಗೇ ತಂದಿದ್ದೆ. ಕೋಸಗಿಯಿಂದ ಬಂದಿದ್ದ ಖಾಜಾ ಅದನ್ನು ಚಾಲೂ ಮಾಡಿದ. ಭುಸ್ಸೆಂದು ನೀಲಿ ಹೊಗೆ! ಹಮಾಲರು ಬಿದ್ದು ಬಿದ್ದು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಖಾಜಾ ಮಾತ್ರ ನಿನ್ನದೇ ಮಾತನ್ನು ಆಡಿದ, "ಸೈಲೆನ್ಸರಿನಾಗಿನ ಹಳೇ ಎಣ್ಣಿ ಐತಿರಿ. ದೇವನಕೊಂಡಕ್ಕ ಹೋಗಿ ಬರ್ತೀವಿ."

ಊರು ದಾಟಿ ಬಹಳ ದೂರದವರೆಗೆ ಹಿಂದಿನ ರಸ್ತೆಯೇ ಕಾಣಲಿಲ್ಲ. ಆಮೇಲೆ ಹೊಗೆ ತೆಳ್ಳಗಾಯಿತು. ಮತ್ತೆ ನೋಡಿದರೆ ಕನ್ನಡಿಯಲ್ಲಿ ಬರೀ ರಸ್ತೆ, ಒಬ್ಬ ಕುರಿಗಾಹಿ. ಖಾಜಾ ಕಾರು ನಿಲ್ಲಿಸಿ, ಹಿಡಿ ಬಿಳಿ ಹತ್ತಿಯನ್ನು ಹೊಗೆಕೊಳವೆಯ ಮುಂದೆ ಹಿಡಿದ. ಎಣ್ಣೆಯ ಒಂದು ಹನಿಯೂ ಹತ್ತಲಿಲ್ಲ. ಅದನ್ನು ನನ್ನ ಕೈಗಿಟ್ಟು, ಬೇವಿನ ಮರದ ಕೆಳಗೆ ಕೂತು ಹೇಳಿದ:

"ನಿಮ್ಮ ಮಾವ ಒಮ್ಮೆ ಕೋಸಗಿಗೆ ಬಂದಿದ್ರು. ಸ್ಟೇಷನ್ ಮುಂದಿನ ಹೋಟ್ಲಾಗ ಬೆಂಚಿನ ಮ್ಯಾಲೆ ಕುಂತು ಎರಡು ಚಾ ಹೇಳಿದ್ರು. ನಾನು ಲಾರಿ ಕೆಳಗಿದ್ದೆ. ನನಗೂ ಸಿಟ್ಟಿತ್ತು, ನೋಡಿಲ್ಲದಂಗ ಮಲ್ಕೊಂಡೆ. ಚಾ ಆರಿದ್ವು. ವಾಪಸ್ ರೈಲು ಬಂತು, ಎದ್ದು ಹೋದ್ರು."

ಮಾವಾ, ಹೊರಗೆ ಹೋದರೆ ನೀರಿನ ತಂಬಿಗೆಯನ್ನೂ ಮನೆಯಿಂದಲೇ ಒಯ್ಯುತ್ತಿದ್ದವನು ನೀನು. ನೀನು ಹೋಟೆಲಿನಲ್ಲಿ ಎರಡು ಚಾ ಹೇಳಿದೆಯಾ? ಮಂತ್ರಾಕ್ಷತೆಯಿಲ್ಲದೆ ಮರಳಿದ್ದು ಅಲ್ಲಿಂದಲೇ! ಅಂದರೆ ತಪ್ಪು ನಿನ್ನದೆಂದು ಗೊತ್ತಿತ್ತು. ಒಂದು ಬತ್ತಿ ಮರಳಿ ಬಂದಿಲ್ಲವೆಂದು ನಿನಗೆ ಎಂದೋ ಹೊಳೆದಿತ್ತು. ಹೊಳೆದ ಮೇಲೂ ಸಾವ್ಕಾರ್ರನ್ನು ಬೀಗದಕೈ ಯಾಕೆ ಕೇಳಲಿಲ್ಲ? ಲಾರಿಯ ಹತ್ತಿರ ನಾಲ್ಕು ಹೆಜ್ಜೆ ನಡೆದಿದ್ದರೆ... ನಾನು ಅಲ್ಲೇ ರಸ್ತೆಯಲ್ಲಿ ಕೂತು ಅತ್ತುಬಿಟ್ಟೆ. ನಿನಗಾಗಿ ಅತ್ತದ್ದು ಇದೇ ಮೊದಲು, ನೀನು ಸತ್ತ ದಿನವೂ ಅತ್ತಿರಲಿಲ್ಲ.

ಖಾಜಾ ನಾಳೆಯಿಂದ ನಮ್ಮ ಶೆಡ್ಡಿಗೆ ಬರುತ್ತಾನೆ. ಅವನ ಸಾಮಾನು ತರಲು ನಾಳೆ ಬೆಳಿಗ್ಗೆ ಇಬ್ಬರೂ ಕೋಸಗಿಗೆ ಹೊರಟಿದ್ದೇವೆ. ಅದೇ ಬೆಂಚಿನ ಮೇಲೆ ಕೂತು ಮೂರು ಚಾ ಹೇಳುತ್ತೇನೆ. ನೀನಂತೂ ಹೊರಗೆ ಕುಡಿಯುವವನಲ್ಲ. ನಿನ್ನದನ್ನು ಆರುವ ಮೊದಲೇ ತಾನು ಕುಡಿಯುತ್ತೇನೆ ಎಂದಿದ್ದಾನೆ ಖಾಜಾ.

ನಿನ್ನ
ಸೀನ