ಹೊಸ ಮಂಡಿ, ಹಳೆಯ ತೊಡೆ

ಮಧುವನಹಳ್ಳಿ
12-1-2025

ಚಿರಂಜೀವಿ ಯಶೋದಳಿಗೆ ನಿನ್ನ ಸೋದರಮಾವ ಚಿಕ್ಕಮಾದಪ್ಪ ಮಾಡುವ ಆಶೀರ್ವಾದ.

ಮೊದಲು ಒಂದು ಸಂಗತಿ ಕೇಳು. ಹೋದ ವಾರ ಕೊಳ್ಳೇಗಾಲದಿಂದ ಹನೂರಿಗೆ ಹೊರಟ ಬಸ್ಸನ್ನು ನಾನು ನಡೆದುಕೊಂಡೇ ಹಿಂದೆ ಹಾಕಿದೆ. ಡ್ರೈವರು ಇಳಿದು ಬಂದು, "ಯಜಮಾನ್ರೇ, ಯಾವ ಕಂಪ್ನಿ ಮಂಡಿ ಆಕ್ಸಿದ್ದೀರಿ?" ಎಂದು ಕೈ ಮುಗಿದ. ನಂಬಿಕೆ ಇಲ್ಲದಿದ್ದರೆ ಆ ಬಸ್ಸನ್ನೇ ಕೇಳು.

ನಿನ್ನ ಕಾಗದ ದೀಪಾವಳಿಗೇ ಬಂದಿತ್ತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಫೋನು ಹಿಡಿದರೆ ನಿನ್ನ ಸೋಮಮ್ಮತ್ತೆ ಪಕ್ಕದಲ್ಲೇ ನಿಂತು, ನಾನು ಆಡುವ ಮಾತಿಗೆಲ್ಲ "ಸುಳ್ಳು, ಬರೀ ಸುಳ್ಳು" ಎನ್ನುತ್ತಾಳೆ. ಕಾಗದದಲ್ಲಿ ಆ ಕಾಟವಿಲ್ಲ.

ಎರಡೂ ಮಂಡಿ ಬದಲಾಯಿಸಿದ ಮೇಲೆ ನೋವು ಮಾಯ. ಮೆಟ್ಟಿಲು ಹತ್ತುತ್ತೇನೆ, ತೋಟಕ್ಕೆ ಹೋಗಿ ಬರುತ್ತೇನೆ. ಆಪರೇಷನ್ನಿಗೆ ಮುಂಚೆ ಮೈಸೂರಿನ ಡಾಕ್ಟರು, "ಏನ್ ಮಾಡ್ಬೇಕು ಅಂತ ಆಸೆ?" ಎಂದು ಕೇಳಿದ್ದರು. "ಮಾದಪ್ಪನ ಬೆಟ್ಟ ಅತ್ಬೇಕು ಸಾ" ಎಂದೆ. ಹಾಗೇ ಆಯಿತು. ನೆಲದ ಮೇಲೆ ಕೂರುವುದನ್ನು ಕೇಳಲಿಲ್ಲ. ಕೂರುವುದಕ್ಕೆ ಯಾರಾದರೂ ಡಾಕ್ಟರನ್ನು ಕೇಳುತ್ತಾರೆಯೇ?

ವ್ಯಾಯಾಮ ಹೇಳಿಕೊಡುವ ಹುಡುಗಿ ಆಮೇಲೆ ಹೇಳಿದಳು: "ತಾತ, ಇನ್ಮೇಲೆ ಚಕ್ಕಳಮಕ್ಕಳ ಹಾಕ್ಬೇಡಿ, ಕುಕ್ಕರಗಾಲಲ್ಲಿ ಕೂರ್ಬೇಡಿ."

"ಮತ್ತೆ ಮುದ್ದೇನ ಮರದ ಮ್ಯಾಲ್ ಕೂತ್ಕಂಡು ತಿನ್ಲಾ ಅವ್ವ?" ಎಂದೆ.

ಈಗ ಕುರ್ಚಿಯ ಮೇಲೇ ಊಟ. "ಅಮಲ್ದಾರ್ರಿಗೆ ಇನ್ನೊಂದ್ ಮುದ್ದೆ ಬೇಕಾ?" ಎಂದು ನಿನ್ನ ಅತ್ತೆ ಆಡಿಕೊಳ್ಳುತ್ತಾಳೆ.

ಬೆನ್ನಿಗೆ ಅಣ್ಣತಮ್ಮ ಇಲ್ಲದವಳು ನೀನು. "ನನ್ನ ಕಿವಿ ಚುಚ್ಚಿಸಿದ ತೊಡೆಯ ಮೇಲೇ ನನ್ನ ಮಗಳನ್ನೂ ಕೂರಿಸಬೇಕು, ಯಳಂದೂರಿಗೆ ಬಂದೇ ಬರಬೇಕು ಮಾವ" ಎಂದು ಬರೆದಿದ್ದೀಯ. ಅದನ್ನು ಓದಿದ ದಿನ ನನಗೆ ಹನೂರಿನ ನಿಮ್ಮ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು. ಕರಿಕಂಬಳಿ ಹಾಸಿ, ಅದರ ಮೇಲೆ ಅಕ್ಕಿ ಹರಡಿ ನನ್ನನ್ನು ಕೂರಿಸಿದ್ದರು. ಅಕ್ಕಸಾಲಿ ಎಡಗಿವಿ ಚುಚ್ಚಿದಾಗ ನೀನು ನನ್ನ ಹೆಬ್ಬೆರಳು ಕಚ್ಚಿದೆ. ಬಲಗಿವಿ ಚುಚ್ಚಿದಾಗ ನನ್ನ ಹೊಸ ಪಂಚೆ ನೆನೆಸಿದೆ. "ಕೊಡ್ಲಾ ಇತ್ತಗೆ, ಮಗ ಅಳ್ತಾ ಅದೆ" ಎಂದು ನಿಮ್ಮವ್ವ ಕೈ ಚಾಚಿದಳು. "ಸುಮ್ಕಿರಕ್ಕ, ಇವತ್ತು ಈ ಮಗ ನಂದು" ಎಂದೆ. ನೀನು ಅತ್ತು ಅತ್ತು ನನ್ನ ತೊಡೆಯ ಮೇಲೇ ನಿದ್ದೆ ಹೋದೆ. ಕಾಲು ಜೋಮು ಹಿಡಿದರೂ ನಾನು ಅಲುಗಲಿಲ್ಲ. ನನ್ನ ಊಟದ ಎಲೆಯನ್ನು ಅಲ್ಲಿಗೇ ತಂದು ಹಾಕಿದರು. ನಮಗೆ ಮಕ್ಕಳಿಲ್ಲ ಎಂದು ಜನ ಅನ್ನುತ್ತಾರೆ. ಆ ಮಧ್ಯಾಹ್ನ ನನಗೆ ಹಾಗನ್ನಿಸಲಿಲ್ಲ.

ಅದಿರಲಿ. ಈ ಸಲ ನಿನ್ನ ದೊಡ್ಡಮ್ಮನ ಮಗ ರಂಗರಾಜು ಕೂರಲಿ. ಅವನೂ ನಿನಗೆ ಅಣ್ಣನೇ, ತೊಡೆಯೂ ಹಾಸಿಗೆಯ ಹಾಗಿದೆ. ಮಂಡಿಗೆ ಹೆದರಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ಅಷ್ಟು ಜನ ಸೇರುವ ಕಡೆ ಅಡುಗೆಯ ಉಸ್ತುವಾರಿಗೆ ನನ್ನಂಥವನೊಬ್ಬ ಬೇಡವೇ? ಕುರ್ಚಿ ಹಾಕಿಕೊಡುತ್ತೇನೆ ಎಂದು ಮಾತ್ರ ಹೇಳಬೇಡ. ಕಂಬಳಿ ಬಿಟ್ಟು ಕುರ್ಚಿಯಲ್ಲಿ ಕೂತವನನ್ನು ಸೋದರಮಾವ ಅನ್ನುತ್ತಾರೋ, ಪಂಚಾಯ್ತಿ ಮೆಂಬರ್ ಅನ್ನುತ್ತಾರೋ?

ಸೊಗಡಿನ ಅವರೆಕಾಯಿ ಕಳಿಸಿದ್ದೇನೆ. ಮಗುವಿನ ಕಿವಿ ಮಾಗಲಿ, ನಿನ್ನ ಮನೆ ತಣ್ಣಗಿರಲಿ. ಮಾದಪ್ಪ ಕಾಯಲಿ.

ಇಂತಿ ನಿನ್ನ ಮಾವ,
ಚಿಕ್ಕಮಾದಪ್ಪ

ಮರೆತ ಮಾತು: ಉಸ್ತುವಾರಿ ಎಂದದ್ದು ನೆಪ ಯಶೋದ. ಸೋಮವಾರ ಟೀ ಅಂಗಡಿಯ ಮುಂದೆ ನಮ್ಮ ಬೀದಿಯ ದೊಡ್ಡಮಾದಪ್ಪ, "ನೆಲದ ಮ್ಯಾಲ್ ಕೂತು, ಮಗ ಎತ್ಕಂಡು ಎದ್ದು ತೋರ್ಸ್ಲಾ ನೋಡ್ವ" ಎಂದ. ಪಂದ್ಯ ಕಟ್ಟಿದೆ. ಒಂದು ಕುಂಬಳಕಾಯಿಗೆ ಟವಲು ಸುತ್ತಿ ಕೊಟ್ಟರು. ಗೋಡೆ ಹಿಡಿದು ಹೇಗೋ ಕೂತೆ, ಕಾಲು ಅರ್ಧವೇ ಮಡಚಿತು. ಏಳಲು ಹೋದಾಗ ಕಾಯಿ ತೊಡೆಯಿಂದ ಜಾರಿ, ಉರುಳಿ ಚರಂಡಿಗೆ ಬಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಡೆದ ಕಾಯಿಯ ಕಡೆ ಮಾತ್ರ ನೋಡಲಾಗಲಿಲ್ಲ. ಅದಕ್ಕೇ ರಂಗರಾಜು ಎಂದೆ.

ಪಂದ್ಯ ಐನೂರು ರೂಪಾಯಿ ಎಂದು ನಿನ್ನ ಅತ್ತೆಗೆ ಹೇಳಿದ್ದೇನೆ. ಸೋತದ್ದು ಎಂಟು ಸಾವಿರ. ಅಷ್ಟು ಕಟ್ಟಿದರಾದರೂ ಮಂಡಿ ಮಾತು ಕೇಳೀತು ಎಂದುಕೊಂಡಿದ್ದೆ.