ಅಟ್ಟದ ಮೇಲಿನ ಕ್ವಾಂಟಂ ಪೆಟ್ಟಿಗೆ

ಮುಂಬರುವ ತಂತ್ರಜ್ಞಾನಗಳಿಗೆ ಕುಶಲ ಕಾರ್ಯಪಡೆ ಸಿದ್ಧಪಡಿಸುವ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ತಿಪಟೂರಿನ ಕ್ವಾಂಟಂ ತರಬೇತಿ ಕೇಂದ್ರವನ್ನು ಮುಚ್ಚಿ ಬೆಂಗಳೂರಿಗೆ ಸಾಗಿಸುವಂತೆ ತಾವು ಹೊರಡಿಸಿರುವ ಆದೇಶವನ್ನು ಓದಿದೆ. "ಸ್ಥಳೀಯರ ಅಜ್ಞಾನದಿಂದ ಉಪಕರಣ ಹಾಳಾಗಿದೆ" ಎಂದು ಕಾರಣ ಕೊಟ್ಟಿದ್ದೀರಿ. ಕೇಂದ್ರ ನಡೆಯುತ್ತಿರುವುದು ತೆಂಗಿನಕಾಯಿ ಕೂಡಿಡುವ ನನ್ನ ಹಳೆಯ ಕಾಯಿಮನೆಯ ಮುಂಭಾಗದಲ್ಲಿ. ಹಾಗಾಗಿ ಆ ಅಜ್ಞಾನದ ಪೂರ್ತಿ ವಿವರ ಒದಗಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

2007ರ ಮಳೆಗಾಲದಲ್ಲಿ ತಮ್ಮವರು ಬಂದು, ಭವಿಷ್ಯದ ತಂತ್ರಜ್ಞರು ಇನ್ನು ತಿಪಟೂರಿನಿಂದಲೇ ಹೊರಡುತ್ತಾರೆ ಎಂದು ಭಾಷಣ ಮಾಡಿದರು. ನಾವು ಚಪ್ಪಾಳೆ ತಟ್ಟಿದೆವು. ಮಾರನೆಯ ವಾರ ಲಾರಿಯಲ್ಲಿ ತರಬೇತಿಯ ಲೇಸರ್ ಉಪಕರಣ ತುಂಬಿ ಸೀಲು ಹಾಕಿದ ಮರದ ಪೆಟ್ಟಿಗೆ ಬಂತು. ಅದಕ್ಕೆ ತೇವ ತಾಗಬಾರದು, ಅದು ಯಾರ ಕೈಗೂ ಸಿಗಬಾರದು, ಗಣ್ಯರು ಬಂದು ಉದ್ಘಾಟಿಸುವವರೆಗೆ ಸೀಲು ಒಡೆಯಬಾರದು ಎಂದು ಅಪ್ಪಣೆಯಾಯಿತು. ನಮ್ಮ ಸೀಮೆಯಲ್ಲಿ ಅಂಥ ಜಾಗ ಎಂದರೆ ಅಟ್ಟ. ಒಣಗಲು ಹಾಕಿದ್ದ ತೆಂಗಿನಕಾಯಿಗಳ ಪಕ್ಕದಲ್ಲಿ ಪೆಟ್ಟಿಗೆಯನ್ನೂ ಇಟ್ಟೆವು. ಗಣ್ಯರಿಗೆ ಬಿಡುವಾಗಲಿಲ್ಲ. ವರ್ಷವಿಡೀ ವಿದ್ಯಾರ್ಥಿಗಳು ಉಪಕರಣವನ್ನು ಕಪ್ಪು ಹಲಗೆಯ ಮೇಲೆ ನೋಡಿದರು. ಲೇಸರ್ ಎಂದರೆ ಕೆಂಪು ಸೀಮೆಸುಣ್ಣದ ಗೆರೆ ಎಂದು ಕಲಿತರು. ಇದಕ್ಕೆ ಕೌಶಲ ಎಂದು ಹೆಸರಿಟ್ಟವರು ನಾವಲ್ಲ.

ಈಗ ಅಪರಾಧದ ವಿಷಯಕ್ಕೆ ಬರುತ್ತೇನೆ. ಕಾಯಿ ಅಟ್ಟಕ್ಕೇರಿ ವರ್ಷವಾದ ಮೇಲೆ ಅದನ್ನು ಅಲ್ಲಾಡಿಸಿ ನೋಡುವುದು ನಮ್ಮ ಪದ್ಧತಿ. ಒಳಗಿನ ತಿರುಳು ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಕೊಬ್ಬರಿ ಆಯಿತೆಂದು ಅರ್ಥ. ನಮ್ಮ ಆಳು ಚಿಕ್ಕರಂಗಯ್ಯ ಹೋದ ತಿಂಗಳು ಕಾಯಿಗಳನ್ನೆಲ್ಲ ಅಲ್ಲಾಡಿಸಿ, ಅದೇ ಓಘದಲ್ಲಿ ತಮ್ಮ ಪೆಟ್ಟಿಗೆಯನ್ನೂ ಹಿಡಿದು ಅಲ್ಲಾಡಿಸಿದ. ಕೆಳಗೆ ತಮ್ಮ ತಪಾಸಣಾಧಿಕಾರಿಗಳು ಎಳನೀರು ಕುಡಿಯುತ್ತ ಕೂತಿದ್ದರು.

"ಸಾಮೇರಾ, ನಿಮ್ ಪೆಟ್ಗೆನೂ ಆಗೈತೆ ಕಣ್ರೀ! ಲೊಡಲೊಡ ಅಂತೈತೆ, ಇನ್ನು ಒಡೀಬೌದು!" ಎಂದು ಅವನು ಮೇಲಿನಿಂದ ಸಂಭ್ರಮದಲ್ಲಿ ಕೂಗಿದ.

ಅಧಿಕಾರಿಗಳ ಎಳನೀರು ನೆತ್ತಿಗೇರಿತು. ಉಪಕರಣ ಹಾಳಾಗಿದೆಯೆಂದು ಅಲ್ಲೇ ನಿಂತು ವರದಿ ಬರೆದರು. ಪೆಟ್ಟಿಗೆ ತೆರೆದು ನೋಡಿ ಎಂದರೆ, ಸೀಲು ಒಡೆಯುವ ಅಧಿಕಾರ ತಮಗಿಲ್ಲ ಎಂದರು.

ಮಾನ್ಯರೇ, ಅಳೆದು ನೋಡುವ ತನಕ ಕಣ ಯಾವ ಸ್ಥಿತಿಯಲ್ಲಿದೆ ಎಂದು ಹೇಳುವಂತಿಲ್ಲ ಎಂದು ತಮ್ಮ ಮೇಷ್ಟ್ರೇ ಪಾಠ ಮಾಡಿದ್ದು ನನ್ನ ಕಿವಿಗೂ ಬಿದ್ದಿದೆ. ಈ ನಿಯಮ ಕಣಗಳಿಗೆ ಮಾತ್ರವೋ, ಇಲಾಖೆಗೂ ಅನ್ವಯಿಸುತ್ತದೆಯೋ? ಒಳಗೆ ಅಲ್ಲಾಡಿದ್ದು ಒಡೆದ ಕನ್ನಡಿಯೋ, ಸಡಿಲವಾದ ಒಂದು ತಿರುಪೋ ಎಂದು ನೋಡಿದವರು ಯಾರು?

ನನ್ನ ಅಕ್ಕ ಸಿದ್ದಕ್ಕನ ಮಗಳು ಮಂಗಳಾ ಬಿ.ಎಸ್ಸಿ. ಮುಗಿಸಿ ಈ ಕೇಂದ್ರ ಸೇರಿದವಳು. ದಿನಾ ಕಂದಿಕೆರೆಯಿಂದ ಬಸ್ಸಿನಲ್ಲಿ ನಿಂತೇ ಬರುತ್ತಾಳೆ. ಆ ಉಪಕರಣದ ಮೇಲೆ ಪರೀಕ್ಷೆ ಆಗದೆ ಪ್ರಮಾಣಪತ್ರವಿಲ್ಲ. ಇಷ್ಟವಿದ್ದವರು ಬೆಂಗಳೂರಿಗೆ ಬಂದು ಮುಂದುವರಿಸಬಹುದು ಎಂದು ತಾವು ಉದಾರವಾಗಿ ಬರೆದಿದ್ದೀರಿ. ಅಕ್ಕನ ಉತ್ತರ ಹೀಗಿತ್ತು: "ಹಾಸ್ಟ್ಲು ಗೀಸ್ಟ್ಲು ಬ್ಯಾಡ ಕಣಪ್ಪ. ಇಲ್ಲೇ ಆದ್ರೆ ಓದ್ಲಿ, ಇಲ್ದಿದ್ರೆ ಗಂಡು ನೋಡಾನ ಬುಡು." ನಾನು ವಾದ ಮಾಡಿ ಸೋತಿದ್ದೇನೆ.

ಮಂಗಳಾ ಅಳಲಿಲ್ಲ. "ಮಾವ, ಪಾಸೋ ಫೇಲೋ ಆಮೇಲಿನ್ ಮಾತು. ಅದ್ರೊಳ್ಗೆ ಏನೈತೆ ಅಂತ ಒಂದ್ಸಲನಾದ್ರೂ ನೋಡ್ಬೇಕಿತ್ತು" ಎಂದಳು. ಈ ಪತ್ರ ಬರೆಯಲು ಕೂತದ್ದು ಅದಕ್ಕೇ.

ಪೆಟ್ಟಿಗೆ ಒಯ್ಯಲು ಸೋಮವಾರ ಲಾರಿ ಬರುತ್ತದಂತೆ. ಅದಕ್ಕೆ ಮುಂಚೆ ತಾವೇ ಬನ್ನಿ. ವಿದ್ಯಾರ್ಥಿಗಳ ಎದುರಿಗೇ ತೆರೆಯಿರಿ. ಚೆನ್ನಾಗಿದ್ದರೆ ಇಲ್ಲೇ ಪರೀಕ್ಷೆ ನಡೆಸಿ. ಕೆಟ್ಟಿದ್ದರೆ ರಿಪೇರಿ ಮಾಡುವುದನ್ನು ಕಲಿಸಿ, ಅದೂ ಕೌಶಲವೇ ತಾನೆ? ಲೊಡಲೊಡ ಎಂದ ಕಾಯನ್ನು ನಾವು ತಿಪ್ಪೆಗೆ ಎಸೆಯುವುದಿಲ್ಲ, ಒಡೆದು ನೋಡುತ್ತೇವೆ.

ಏಣಿ ಹಾಕಿಸಿಟ್ಟಿದ್ದೇನೆ. ಭಾನುವಾರ ಸಂಜೆಯೊಳಗೆ ತಾವು ಬರದಿದ್ದರೆ ಸೀಲನ್ನು ಮಂಗಳಾ ಒಡೆಯುತ್ತಾಳೆ. ಉದ್ಘಾಟನೆಗೆ ಗಣ್ಯರು ಬೇಕೆಂದಿರಲ್ಲ, ನಮ್ಮ ಮನೆಯಲ್ಲಿ ಅವಳೇ ಗಣ್ಯಳು.

ಇಂತಿ,
ತಮ್ಮ ಆದೇಶದಲ್ಲಿ ಅಜ್ಞಾನವೆಂದು ನಮೂದಾಗಿರುವ
ಶ್ರೀರಂಗಯ್ಯ
ತೆಂಗು ಬೆಳೆಗಾರ, ತಿಪಟೂರು