ಎದೆಗೆ ಹೊಲಿದ ಕಾಲಿನ ನರ ಎಷ್ಟು ವರ್ಷ ಬಾಳುತ್ತದೆ, ಹೇಳುವಿರಾ?

ಆರೋಗ್ಯ ಇಲಾಖೆಯಲ್ಲಿ ಕುಳಿತು ಹೃದಯ ಶಸ್ತ್ರಚಿಕಿತ್ಸೆಯ ಯೋಜನೆಯನ್ನು ನಡೆಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಡತದಲ್ಲಿ ನಾನು ‘ಗುಣಮುಖ’. ನವಲಗುಂದದ ಹಲೀಮಾಬಿಯೂ ‘ಗುಣಮುಖ’. ಹಲೀಮಾಬಿ ಕಳೆದ ಫೆಬ್ರುವರಿಯಲ್ಲಿ ತೀರಿಕೊಂಡಳು. ಈ ಸುದ್ದಿ ನಿಮಗೆ ತಲುಪಿರಲಿಕ್ಕಿಲ್ಲ, ಏಕೆಂದರೆ ಆಪರೇಷನ್ನಿನ ಮೊದಲ ವರ್ಷ ಕಳೆದ ಮೇಲೆ ಅವಳು ಹೇಗಿದ್ದಾಳೆಂದು ನಿಮ್ಮವರು ಯಾರೂ ಕೇಳಿರಲಿಲ್ಲ. ನನ್ನನ್ನೂ ಕೇಳಿಲ್ಲ. ಆದ್ದರಿಂದ ನಾನಾಗಿಯೇ ಹೇಳುತ್ತಿದ್ದೇನೆ, ನಾಲ್ಕು ಜನ ಓದುವ ಜಾಗದಲ್ಲಿ.

ನಾನು ಕುಂದಗೋಳ ತಾಲ್ಲೂಕಿನ ಕುಬಿಹಾಳದವಳು. ಈಗ ನಿವೃತ್ತಳು; ಮೂವತ್ತು ವರ್ಷ ಅಂಗನವಾಡಿ ನಡೆಸಿದೆ. ಪ್ರತಿ ತಿಂಗಳು ಮಕ್ಕಳನ್ನು ತಕ್ಕಡಿಯಲ್ಲಿ ಕೂರಿಸಿ ತೂಕ ಬರೆದು ಕಳಿಸುತ್ತಿದ್ದೆ. ಒಂದು ಕೂಸು ಅರ್ಧ ಕಿಲೋ ಇಳಿದರೆ ಸಂಜೆಯೊಳಗೆ ಮೇಲಿನವರ ಫೋನು: “ಯಾಕ್ರಿ ಶಾರದವ್ವ, ಏನಾತು?” ಅರ್ಧ ಕಿಲೋಗೆ ಅಷ್ಟು ಕಾಳಜಿ ತೋರಿದ ಸರ್ಕಾರ, ತಾನೇ ಎದೆ ಸೀಳಿಸಿ ಒಳಗೆ ಹಚ್ಚಿಸಿದ ರಕ್ತನಾಳ ತೆರೆದಿದೆಯೋ ಮುಚ್ಚಿದೆಯೋ ಎಂದು ಒಮ್ಮೆಯೂ ವಿಚಾರಿಸದಿರುವುದು ಯಾವ ನಿಯಮದ ಪ್ರಕಾರ?

ಹಲೀಮಾಬಿಯ ಪರಿಚಯವಾದದ್ದು ಹುಬ್ಬಳ್ಳಿಯ ವಾರ್ಡಿನಲ್ಲಿ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ನನ್ನ ಜೀವ ಉಳಿಸಿದವರು. ನನಗೆ ಐವತ್ನಾಲ್ಕು, ಅವಳಿಗೆ ಐವತ್ತೊಂದು. ಒಂದೇ ದಿನ, ಒಬ್ಬರೇ ವೈದ್ಯರು, ಒಂದೇ ಬಗೆಯ ಬೈಪಾಸ್. ಇಬ್ಬರಿಗೂ ಎದೆಯೊಳಗಿನ ಒಂದು ಧಮನಿಯನ್ನು ತಿರುಗಿಸಿ ಹಚ್ಚಿದ್ದರು, ಕಾಲಿನಿಂದ ತೆಗೆದ ಎರಡು ತುಂಡು ರಕ್ತದ ನರ ಹೊಲಿದಿದ್ದರು. ಹಲೀಮಾಬಿ ಹನ್ನೆರಡನೆಯ ವಯಸ್ಸಿನಿಂದ ಜಮಖಾನ ನೇಯ್ದವಳು. ಎಚ್ಚರವಾದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ಎದೆಯದಲ್ಲ.

“ಶಾರದಕ್ಕಾ, ಕಾಲಾಗಿನ ನರಾ ತಗದಾರಲ್ಲ, ಇನ್ನ ಮಗ್ಗದ ಮುಂದ ಕುಂದ್ರಾಕ ಬರತೈತಿಲ್ಲೋ?”

ಬಂತು. ನಾಲ್ಕು ತಿಂಗಳಲ್ಲಿ ಅವಳು ಮಗ್ಗಕ್ಕೆ ಮರಳಿದಳು, ನಾನು ಅಂಗನವಾಡಿಗೆ. ಬಿಡುಗಡೆಯ ದಿನ ನರ್ಸಮ್ಮ ಪ್ರೀತಿಯಿಂದಲೇ ಹೇಳಿದ್ದಳು, “ಇನ್ನ ಎದಿ ಚಿಂತಿ ಬಿಡ್ರಿ.” ನಾವು ಬಿಟ್ಟೆವು. ಬಿಡಬಾರದೆಂದು ಹೇಳುವವರು ಯಾರಿದ್ದರು?

ಒಂದು ವರ್ಷ ಗುಳಿಗೆ, ತಪಾಸಣೆ ಎಲ್ಲ ಆಯಿತು. ವರ್ಷ ತುಂಬಿದ ದಿನ ನಿಮ್ಮ ಯೋಜನೆ ಕೈ ತೊಳೆದುಕೊಂಡಿತು. ನನ್ನ ಸೊಸೆ ಸುನಿತಾ ಕುಂದಗೋಳದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಗದರಿಸಿ ಗುಳಿಗೆ ನುಂಗಿಸಿದ್ದರಿಂದ ನನ್ನದು ನಿಲ್ಲಲಿಲ್ಲ. ಹಲೀಮಾಬಿಗೆ ಅಂಥ ಸೊಸೆ ಇರಲಿಲ್ಲ. ಅವಳೂರಿನ ಸರ್ಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿ, “ಕೊಬ್ಬು ನಾರ್ಮಲ್ ಐತಿ, ಆ ಗುಳಿಗಿ ಬಿಡ್ರಿ” ಎಂದರು. ರಕ್ತ ತೆಳುವಾಗಿಡುವ ಇನ್ನೊಂದು ಗುಳಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಎರಡು ವರ್ಷದ ಹಿಂದೆ ಅವಳು ಫೋನ್ ಮಾಡಿದಳು. “ಅಕ್ಕಾ, ಮಗ್ಗದಾಗ ನೂಲು ಬಡಿಯೂ ಮುಂದ ದವಡಿ ಹಿಡಕೊಂತೈತಿ. ಎದಿ ಅಲ್ಲ, ದವಡಿ. ಕೈ ಬಿಟ್ಟು ಕುಂತ್ರ ಹೋಗತೈತಿ.”

ದವಾಖಾನೆಗೆ ಮೂರು ಸಲ ಹೋದಳು. ಮೂರು ಸಲವೂ ಅದೇ ಮಾತು: “ಬೈಪಾಸ್ ಆಗೇತಲ್ಲಬೇ, ಮತ್ಯಾಕ ಹೆದರತೀ? ಗ್ಯಾಸ್ ಅದು.” ಹೀಗೆ ಎಂಟು ತಿಂಗಳು ಕಳೆಯಿತು. ಕೊನೆಗೆ ಅವಳ ಮಗ ಮುಸ್ತಫಾ ಯಾರ ಮಾತೂ ಕೇಳದೆ ಹುಬ್ಬಳ್ಳಿಗೆ ಕರೆದುಕೊಂಡು ಬಂದ. ನಾನೂ ಹೋಗಿದ್ದೆ. ಪರೀಕ್ಷೆ ಮಾಡಿದ ಹರೆಯದ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಎದೆಯ ಧಮನಿ ಚೆನ್ನಾಗಿತ್ತು. ಕಾಲಿನ ಎರಡೂ ನರ ಮುಚ್ಚಿಹೋಗಿದ್ದವು.

“ಡಾಕ್ಟರ್ರ, ಹೊಲದು ಆರು ವರ್ಷ ಆಗಿಲ್ಲಲ್ರಿ,” ಎಂದೆ ನಾನು.

ಅವರು ಬಿಡಿಸಿ ಹೇಳತೊಡಗಿದರು. ನನ್ನದೂ ಅದೇ ದಿನದ ಹೊಲಿಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಕಾಲಿನ ನರ ಸಾವಕಾಶ ಹರಿಯುವ ರಕ್ತಕ್ಕೆ ಹುಟ್ಟಿದ್ದು. ಹೃದಯದ ರಭಸಕ್ಕೆ ಸಿಕ್ಕಾಗ ಅದರ ಗೋಡೆ ದಪ್ಪವಾಗುತ್ತ, ದಾರಿ ಕಿರಿದಾಗುತ್ತ ಹೋಗುತ್ತದೆ. ಹೀಗೆ ಹೊಲಿದ ನರಗಳಲ್ಲಿ ಸುಮಾರು ಅರ್ಧದಷ್ಟು ಹತ್ತು ವರ್ಷದೊಳಗೆ ಮುಚ್ಚಿಹೋಗುತ್ತವೆ. ಗುಳಿಗೆ ಬಿಡದಿದ್ದರೆ, ತಂಬಾಕು ಬಿಟ್ಟರೆ ಹೆಚ್ಚು ಬಾಳುತ್ತವೆ. ಸುತ್ತಲಿನ ಕೊಬ್ಬಿನ ಪದರವನ್ನು ಸುಲಿಯದೆ, ನರವನ್ನು ಜಗ್ಗದೆ ತೆಗೆಯುವ ವಿಧಾನವೊಂದಿದೆ. ಕಾಲಿನ ಗಾಯ ಆರುವುದು ತಡ, ಆದರೆ ನರ ಹೆಚ್ಚು ಕಾಲ ತೆರೆದಿರುತ್ತದೆ ಎಂದು ಅನೇಕ ವೈದ್ಯರು ಕಂಡುಕೊಂಡಿದ್ದಾರೆ. ಆ ಡಾಕ್ಟರು ಇಷ್ಟನ್ನೂ ಹತ್ತು ನಿಮಿಷದಲ್ಲಿ ಹೇಳಿದರು. ಆ ಹತ್ತು ನಿಮಿಷ ಆರು ವರ್ಷ ಮೊದಲೇ ನಮಗೆ ಏಕೆ ಸಿಗಲಿಲ್ಲ, ಮಾನ್ಯರೇ?

ಮುಚ್ಚಿದ ಕಡೆ ಮತ್ತೆ ದಾರಿ ಮಾಡಲು ನಿಮ್ಮ ಕಚೇರಿಗೆ ಅರ್ಜಿ ಹೋಯಿತು. ಉತ್ತರವೂ ಬಂತು, ಚಂದದ ಕನ್ನಡದಲ್ಲಿ: “ಸದರಿ ರೋಗಿಯು ಇದೇ ಕಾಯಿಲೆಗೆ ಈಗಾಗಲೇ ಚಿಕಿತ್ಸೆ ಪಡೆದು ಗುಣಮುಖರಾಗಿರುವುದರಿಂದ ಅರ್ಜಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.” ಮುಸ್ತಫಾ ಅದನ್ನು ತಾಯಿಗೆ ಓದಿ ಹೇಳಿದಾಗ ನಾನು ಅವರ ಮನೆಯಲ್ಲೇ ಇದ್ದೆ. ಹಲೀಮಾಬಿ ನಕ್ಕಳು. “ಹಂಗಾರ ನಾ ಅಗದಿ ಬರೋಬರಿ ಅದೀನಿ ಅಂತ ಸರ್ಕಾರದವ್ರ ಬರದುಕೊಟ್ಟಾರ. ನೀ ಯಾಕ ಅಳತಿ, ಅಕ್ಕಾ?”

ಹದಿನೇಳು ದಿನಗಳ ನಂತರ, ಬೆಳಿಗ್ಗೆ ಒಂಬತ್ತೂವರೆಗೆ, ಹಲೀಮಾಬಿ ಶಾಲೆಗೆ ಹೊರಟ ಮೊಮ್ಮಗಳು ಮುಬಶಿರಾಳಿಗೆ ಜಡೆ ಹೆಣೆಯುತ್ತಿದ್ದಳು. ಕೈ ನಿಂತಿತು. ಅಜ್ಜಿ ರಿಬ್ಬನ್ ಹುಡುಕುತ್ತಿದ್ದಾಳೆಂದು ಹುಡುಗಿ ತಲೆ ಅಲ್ಲಾಡಿಸದೆ ಕುಳಿತೇ ಇದ್ದಳಂತೆ. ಎಷ್ಟು ಹೊತ್ತು ಎಂದು ಅವಳಿಗೂ ಗೊತ್ತಿಲ್ಲ.

ಆಮೇಲೆ ನಾನು ನಿಮ್ಮ ಕೆಲಸವನ್ನು ಮಾಡಿದೆ. ಹಳೆಯ ಅಂಗನವಾಡಿ ಗೆಳತಿಯರನ್ನು ಕೇಳುತ್ತ, ಬಸ್ಸು ಹತ್ತಿ ಇಳಿಯುತ್ತ, ಎರಡು ತಾಲ್ಲೂಕಿನಲ್ಲಿ ಬೈಪಾಸ್ ಆದ ಹನ್ನೊಂದು ಜನರ ಮನೆ ಪತ್ತೆ ಹಚ್ಚಿದೆ. ನಾಲ್ಕು ಮನೆಗಳಲ್ಲಿ ಫೋಟೋಕ್ಕೆ ಹಾರ ಬಿದ್ದಿತ್ತು. ಅವರು ಯಾವುದರಿಂದ ಸತ್ತರೆಂದು ಮನೆಯವರಿಗೂ ತಿಳಿಯದು, ನನಗೂ ತಿಳಿಯದು, ತಿಳಿಯಬೇಕಾದವರು ನೀವು. ಕುಂದಗೋಳದ ಹತ್ತಿರದ ಹನಮಂತಪ್ಪ ಎಂಬವರು ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದರು. ಆಪರೇಷನ್ ಆಗಿ ಎಂಟನೆಯ ವರ್ಷ.

“ಬೀಡಿ ಬಿಡ್ರಿ ಯಜಮಾನ್ರ,” ಎಂದೆ.

“ಹೊಸಾ ನರಾ ಹಾಕ್ಯಾರಬೇ ತಂಗಿ. ಇನ್ನ ಇಪ್ಪತ್ತು ವರ್ಷ ಏನೂ ಆಗೂದಿಲ್ಲ,” ಎಂದರು.

ಹೀಗೆಂದು ಅವರಿಗೆ ಯಾರೂ ಹೇಳಿಲ್ಲ. ಹೀಗಲ್ಲವೆಂದೂ ಯಾರೂ ಹೇಳಿಲ್ಲ. ಅವರು ನಗುನಗುತ್ತ ಹೊಗೆ ಬಿಡುತ್ತಲೇ ಇದ್ದರು.

ನಾನು ಕೇಳುವುದು ದೊಡ್ಡದೇನಲ್ಲ. ಬೈಪಾಸ್ ಆದವರನ್ನು ಬದುಕಿರುವವರೆಗೂ ವರ್ಷಕ್ಕೊಮ್ಮೆ ಕರೆಸಿ ನೋಡಿ. ಕೊಬ್ಬಿನದು, ರಕ್ತ ತೆಳುವಾಗಿಡುವುದು, ಈ ಎರಡು ಬಗೆಯ ಗುಳಿಗೆ ಪ್ರತಿ ತಾಲ್ಲೂಕು ದವಾಖಾನೆಯಲ್ಲಿ ತಪ್ಪದೆ ಇರಲಿ. ಅವುಗಳನ್ನು ಯಾರೂ ಬಾಯಿಮಾತಿನಲ್ಲಿ ನಿಲ್ಲಿಸಕೂಡದು. ನರವನ್ನು ಸುಲಿಯದೆ ತೆಗೆಯುವ ವಿಧಾನವನ್ನು ನಮ್ಮ ಶಸ್ತ್ರವೈದ್ಯರಿಗೆ ಕಲಿಸಿ, ಯಾರಿಗೆ ಅದು ಹೊಂದುತ್ತದೆಂದು ಅವರೇ ತೀರ್ಮಾನಿಸಲಿ. ಮತ್ತೆ ಮುಚ್ಚಿದರೆ ಮತ್ತೆ ಚಿಕಿತ್ಸೆ ಇದೆ ಎಂದು ನಿಯಮವನ್ನು ತಿದ್ದಿ. ಎಲ್ಲಕ್ಕಿಂತ ಮೊದಲು, ಹೊಲಿಗೆ ಬಿಚ್ಚುವ ದಿನವೇ ರೋಗಿಗೆ ನಿಜ ಹೇಳಿ.

ಮುಂದಿನವರಿಗಾಗಿ ಮಾತ್ರ ಕೇಳುತ್ತಿದ್ದೇನೆಂಬ ದೊಡ್ಡತನ ನನ್ನಲ್ಲಿಲ್ಲ. ಮೂರು ವಾರದಿಂದ ಬಸ್ ನಿಲ್ದಾಣದಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದೇನೆ. ಮೊನ್ನೆ ಹಿಂದೆ ಬರುತ್ತಿದ್ದ ಸುನಿತಾ, “ಅತ್ತೀ, ಯಾಕ ನಿಂತ್ರಿ?” ಎಂದಳು. “ಮಾಡ ನೋಡಾಕತ್ತೀನಿ” ಎಂದೆ. ಅವಳು ಒಮ್ಮೆ ಆಕಾಶ ನೋಡಿದಳು, ಒಮ್ಮೆ ನನ್ನನ್ನು. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಅವಳು ನನ್ನ ಚೀಲ ತೆಗೆದುಕೊಂಡು, ಮಂಗಳವಾರಕ್ಕೆ ಹುಬ್ಬಳ್ಳಿಯ ಡಾಕ್ಟರ ಬಳಿ ಹೆಸರು ಹಚ್ಚಿಸಿದಳು.

ಇಂತಿ,
ಮಂಗಳವಾರದವರೆಗೆ ನಿಧಾನ ನಡೆಯುತ್ತಿರುವ
ಶಾರದವ್ವ, ಕುಬಿಹಾಳ